ಷರಾ

ಕೊಳವೆ ಇಳಿಸುವ ಮುಂಚೆ ಎರಡು ಮಿಲಿಗ್ರಾಂ,
ಕೆಮ್ಮಿ ಕೈ ಎಳೆದುಕೊಂಡರೆಂದು ಇನ್ನೊಂದು,
ಆಮೇಲೆ ಇನ್ನೂ ಒಂದು.
ಎಪ್ಪತ್ತೊಂದು ವರ್ಷದ ಚಿಕ್ಕಬೋರಯ್ಯನವರು
ನನ್ನ ಹೆಬ್ಬೆರಳು ಹಿಡಿದೇ ಮುಳುಗಿದರು.

ಪಿತ್ತನಾಳದ ಕಲ್ಲು ಬಂತು, ಕಡಲೆಯಷ್ಟು.
ಉಸಿರು ಬರಲಿಲ್ಲ, ಬರಬೇಕಾದಷ್ಟು.

ತೊಂಬತ್ತೇಳು, ತೊಂಬತ್ತು, ಎಂಬತ್ನಾಲ್ಕು.
ಮಾನಿಟರಿನ ದನಿ ಇಳಿಯುವುದು
ಮೊದಲು ಕಿವಿಗೆ ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ.
ಗಲ್ಲ ಎತ್ತಿ ಹಿಡಿದೆ. ಆಕ್ಸಿಜನ್ ಏರಿಸಿದೆ.
ಎಳೀರಿ, ಉಸ್ರು ಎಳೀರಿ, ಎಳೀರಿ.

ಆಂಪೂಲಿನ ಕತ್ತು ಮುರಿಯುತ್ತಲೇ ಡಾಕ್ಟರ್ ಮೆಹನಾಜ್ ಕೇಳಿದರು:
ದಿನಾ ನಿದ್ದೆ ಮಾತ್ರೆ ನುಂಗುವವರಾ ಇವರು?
ಹಾಗಿದ್ದರೆ ಈ ಮದ್ದು ಫಿಟ್ಸ್ ತರಬಹುದು.
ಗಲ್ಲವನ್ನು ಟೆಕ್ನಿಷಿಯನ್ ಕೈಗೆ ಕೊಟ್ಟು ಬಾಗಿಲಿಗೆ ಓಡಿದೆ.
ಬೆಂಚಿನ ಮೇಲೆ ಮಗಳು, ಮಡಿಲಲ್ಲಿ ಫ್ಲಾಸ್ಕು.
"ನಿದ್ದೆ ಮಾತ್ರೆನಾ? ಮೂವತ್ತೊಂದು ವರ್ಸ
ಎಲಿಯೂರಿನಾಚೆ ರೈಲ್ವೆ ಗೇಟು ಕಾದವ್ರೆ ನಮ್ಮಪ್ಪ.
ಈಗ್ಲೂ ಮೈಸೂರು ಗಾಡಿ ಹೋಗೋಗಂಟ ಕಣ್ಣು ಮುಚ್ಚಕಿಲ್ಲ."

ಫ್ಲುಮಾಜೆನಿಲ್, ಸೊನ್ನೆ ಪಾಯಿಂಟ್ ಎರಡು.
ಹದಿನೈದು ಸೆಕೆಂಡು ನಿಧಾನ ತಳ್ಳಿ
ಒಂದು ನಿಮಿಷ ಸುಮ್ಮನಿರಬೇಕು.
ಸುಮ್ಮನಿರುವುದನ್ನು ಕಾಲೇಜಲ್ಲಿ ಯಾರೂ ಕಲಿಸಿರಲಿಲ್ಲ.
ಮತ್ತೆ ಸೊನ್ನೆ ಪಾಯಿಂಟ್ ಎರಡು.

ಕಣ್ಣು ಬಿಟ್ಟರು. ನಿದ್ದೆ ಮುಗಿಸಿದವರ ಹಾಗಲ್ಲ,
ಸಿಕ್ಕಿಬಿದ್ದವರ ಹಾಗೆ.
"ಗಾಡಿ ಹೋಯ್ತಾ?"
ಹೋಯ್ತು ಅಂದೆ.
"ಗೇಟು?"
ಹಾಕಿತ್ತು ಅಂದೆ.
"ಸುಳ್ಳು."

ಕಾರ್ತೀಕದ ರಾತ್ರಿಯಂತೆ. ಮನೆಯಲ್ಲಿ ಮೂರನೇ ಬಾಣಂತನ,
ಇಲ್ಲಿ ಎರಡು ಪಾಳಿ ಒಟ್ಟಿಗೆ.
ಗೇಟು ಹಾಕಿದೀನಿ ಅಂತ ಫೋನಲ್ಲಿ ನಂಬರು ಕೊಟ್ಟದ್ದೇನೋ ಕೊಟ್ಟರು.
ಕಣ್ಣು ಬಿಟ್ಟಾಗ ಕೊನೇ ಡಬ್ಬಿಯ ಕೆಂಪು ದೀಪ ದೂರ,
ಗೇಟಿನ ಎರಡೂ ತೋಳು ಆಕಾಶಕ್ಕೆ,
ಹಳಿಗೆ ಎರಡೇ ಮಾರು ಈಚೆ ಒಂದು ಕಬ್ಬಿನ ಗಾಡಿ.
ಹೊಡೆಯುವವನೂ ನಿದ್ದೆಯಲ್ಲೇ.
ಎತ್ತುಗಳು ತಾವಾಗಿ ನಿಂತಿದ್ದವು.
"ಯಾರ್ಗೂ ಹೇಳಿಲ್ಲ ಕಣವ್ವ."

ಮೆಹನಾಜ್ ಅವರ ಅಧ್ಯಯನದ ಹಾಳೆ ನನ್ನ ಕೈಯಲ್ಲಿತ್ತು:
ಐದೈದು ನಿಮಿಷಕ್ಕೆ ಎಚ್ಚರದ ಅಂಕ, ಉಸಿರಿನ ಲೆಕ್ಕ,
ಕೊನೆಗೆ ಬೆರಳಗಲದ ಷರಾ ಕಾಲಂ.
ಬರೆದೆ: ಮಾತು ಸ್ಪಷ್ಟ.

ಈ ಮದ್ದು ನಿದ್ದೆಯನ್ನು ಹೊರಗೆ ಹಾಕುವುದಿಲ್ಲ.
ಅದನ್ನೆಬ್ಬಿಸಿ ಅದರ ಸೀಟಿನಲ್ಲಿ ತಾನು ಕೂರುತ್ತದೆ, ಅಷ್ಟೆ,
ಮದ್ದೂರಲ್ಲಿ ಹತ್ತಿ ಮಂಡ್ಯದಲ್ಲಿ ಇಳಿಯುವವರ ಹಾಗೆ.
ಮೈಸೂರಿಗೆ ಟಿಕೆಟ್ ತೆಗೆದ ನಿದ್ದೆ
ಪಕ್ಕದಲ್ಲೇ ಕಂಬಿ ಹಿಡಿದು ನಿಂತಿರುತ್ತದೆ.

"ಎದ್ರಲ್ಲ, ಕರ್ಕೊಂಡೋಗಣ?" ಮಗಳು ಇಣುಕಿದಳು.
ಇನ್ನೂ ಇಲ್ಲಮ್ಮ.
ನಲವತ್ತನೇ ನಿಮಿಷಕ್ಕೆ ರೆಪ್ಪೆ ಬಾಗಿತು,
ನಲವತ್ತೈದಕ್ಕೆ ಮಾತಿನ ನಡುವೆಯೇ ಮಾತು ನಿಂತಿತು.
ಸ್ಟೂಲು ಹತ್ತಿರ ಎಳೆದುಕೊಂಡೆ.
ಪಾಳಿ ಮುಗಿದ ಗಂಟೆ ಮುಗಿದುಹೋಯಿತು.
ದನಿ ಇಳಿದಾಗಲೆಲ್ಲ ಭುಜ ಅಲುಗಿಸಿ ಕೂಗಿದೆ,
ಅವರು "ಹ್ಞಾಂ" ಎಂದು ಒಂದು ಉಸಿರು ಕೊಟ್ಟರು.
ಏಳೂವರೆ, ಎಂಟೂಕಾಲು.
ಮಂಡ್ಯ ಸ್ಟೇಷನ್ ಕಡೆಯಿಂದ ಹಾರ್ನ್ ಕೇಳಿತು.
ಅವರು ಅಲುಗಲಿಲ್ಲ. ಅಲುಗಿದ್ದು ನಾನು.

ಬೆಳಿಗ್ಗೆ ಗಂಜಿ ಕುಡಿಯುತ್ತ ಕೂತಿದ್ದರು.
"ಏನೂ ಗ್ಯಾನ ಇಲ್ಲ ಕಣ್ತಾಯಿ. ಎಂತಾ ನಿದ್ದೆ ಅಂತೀರ,
ಹುಟ್ಟಿದ್ಮೇಲೆ ಅಂತಾದ್ದು ಮಾಡಿರ್ನಿಲ್ಲ."
ಮಗಳು ನಕ್ಕಳು. ಇವಳೇ ಇರಬೇಕು,
ಆ ಮೂರನೇ ಬಾಣಂತನದ ಕೂಸು. ಕೇಳಲಿಲ್ಲ.

ಹಾಳೆಯ ಕಡೆಯ ಚೌಕ: ನಡೆದದ್ದು ನೆನಪಿದೆಯೇ?
ಇಲ್ಲ, ಎಂದು ಬರೆದು ಸಹಿ ಹಾಕಿದೆ.
ಪ್ರಶ್ನೆ ಅವರ ಬಗ್ಗೆ ಇತ್ತು.