ಒಂಟಿ ಜೋಡು

ದೋಣಿ ಬಂತು. ಗಂಟೆ ಹೊಡೆದು ಸೇತುವೆ ಎತ್ತಿದೆ.
ಗಾಳದ ಕೋಲಿನ ತುದಿಗೆ ಕಟ್ಟಿದ ಮರದ ಜೋಡನ್ನು
ನೀರಿನ ಮೇಲೆ ತೂಗಿಬಿಟ್ಟೆ.
ಟಕ್ಕೆಂದು ಬಿತ್ತು ಸುಂಕದ ನಾಣ್ಯ,
ಮುಖ ನೋಡುವಷ್ಟರಲ್ಲಿ ದೋಣಿ ಆಚೆ.
ಇಪ್ಪತ್ತೆರಡು ವರ್ಷದಿಂದ ಹೀಗೇ,
ಫ್ರೀಸ್‌ಲ್ಯಾಂಡಿನ ಈ ಕಾಲುವೆಯ ಮೇಲೆ.
ಇದರ ಇನ್ನೊಂದು ಕಾಲಿನದು ಎಲ್ಲಿ ಹೋಯಿತೋ
ನನಗಿಂತ ಮೊದಲಿದ್ದ ಮುದುಕನಿಗೂ ಗೊತ್ತಿರಲಿಲ್ಲ.
ಒಂಟಿಯಾದ ಮೇಲೂ ಇದು ಜೋಡೇ.

ನನ್ನ ಎಡಗಡೆಯ ಕಿಡ್ನಿ ಹೋಗಿ ಈ ಮಾರ್ಚಿಗೆ ಐದು ವರ್ಷ.
ಯಾರಿಗೆ ಅಂತ ಕೇಳಬೇಡಿ.
ನಾನೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ಕೊಡುವ ಮೊದಲು ಎಷ್ಟು ಪ್ರಶ್ನೆ!
ಮನಸ್ಸಿನ ಡಾಕ್ಟರು ಒಂದು ಗಂಟೆ ಕೂರಿಸಿ ಕೇಳಿದ:
ಯಾವುದಾದರೂ ಪಾಪ ತೊಳೆಯಬೇಕಿತ್ತೆ?
ಹತ್ತಿರದವರು ಯಾರಾದರೂ ಸತ್ತರೆ?
ಇಲ್ಲ ಅಂದೆ. ನನ್ನ ಹತ್ತಿರ ಎರಡಿವೆ ಅಂದೆ.
ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿದ.
ಅಕ್ಕ ಶೌಕ್ಯೆ ಮಾತ್ರ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ:
"ನಾಳೆ ನನ್ನದು ಕೆಟ್ಟರೆ ಯಾರ ಬಾಗಿಲು ತಟ್ಟಲಿ?"
ಅದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.
ಅವಳು ಕೇಳುವುದನ್ನೂ ಬಿಟ್ಟಿಲ್ಲ.

ಆಮೇಲಿನದನ್ನು ಯಾರೂ ಕೇಳುವುದಿಲ್ಲ.
ಎಚ್ಚರವಾದಾಗ ಹೊಟ್ಟೆಗೆ ತುಂಬಿದ ಗಾಳಿ ಭುಜಕ್ಕೇರಿ ಚುಚ್ಚುತ್ತಿತ್ತು,
ಕುಯ್ದದ್ದು ಒಂದು ಕಡೆ, ನೋವು ಇನ್ನೊಂದು ಕಡೆ.
ಮೂರು ತಿಂಗಳು, ಮಧ್ಯಾಹ್ನ ಎರಡಾಯಿತೆಂದರೆ
ದೀಪ ಆರಿಸಿದಂಥ ಸುಸ್ತು.
ಸೇತುವೆಯ ಚಕ್ರ ತಿರುಗಿಸಲು ಪಕ್ಕದ ಮನೆಯ ಯೆಲ್ಮರ್ ಬರುತ್ತಿದ್ದ.
ಒಂದು ಬೆಳಿಗ್ಗೆ ಸಾಬೂನು ಹಚ್ಚುತ್ತ ಹಚ್ಚುತ್ತ
ಕಾರಣವಿಲ್ಲದೆ ಅತ್ತುಬಿಟ್ಟೆ.
ಹೂ ತಂದವರೆಲ್ಲ ಆಗಲೇ ತಮ್ಮ ತಮ್ಮ ಮನೆ ಸೇರಿದ್ದರು.
ಹೆತ್ತವಳಿಗೆ ಕೈಯಲ್ಲಿ ಕೂಸಾದರೂ ಇರುತ್ತದೆ.

ವಿಮೆಯವನು ಬಂದು "ಕಾಯಿಲೆ" ಎಂಬ ಚೌಕದಲ್ಲಿ ಗುರುತು ಹಾಕಿದ.
ಕಾಯಿಲೆಯಲ್ಲಪ್ಪ, ಅಂದೆ.
ಬೇರೆ ಚೌಕವಿಲ್ಲ, ಅಂದ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ.
ಒಳಗೆ ಹಾಗಲ್ಲ. ಎಡದ್ದು ಹೋದದ್ದು
ಬಲದ್ದಕ್ಕೆ ಅದೇ ವಾರ ತಿಳಿಯಿತು.
ಯಾರ ಅಪ್ಪಣೆಗೂ ಕಾಯದೆ ಬೆಳೆಯತೊಡಗಿತು,
ಒಬ್ಬಳೇ ದುಡಿದು ಮನೆ ನಡೆಸುವವಳ ತೋಳಿನ ಹಾಗೆ.

ಎರಡನೇ ವರ್ಷ ಆಸ್ಪತ್ರೆಯ ಕೈಯಿಂದ ಒಂದು ಕಾರ್ಡು.
ಹೆಸರಿದ್ದ ಕಡೆ ಕಪ್ಪು ಮಸಿ.
ಉಳಿದದ್ದು ಒಂದೇ ಸಾಲು: "ಇವತ್ತು ಇಡೀ ಕಿತ್ತಳೆ ತಿಂದೆ."
ನನಗೆ ಅರ್ಥವಾಗಲಿಲ್ಲ. ನರ್ಸು ಹೇಳಿದಳು,
ವಾರಕ್ಕೆ ಮೂರು ಸಲ ಯಂತ್ರದಲ್ಲಿ ರಕ್ತ ಸೋಸಿಕೊಳ್ಳುವವರಿಗೆ
ಕಿತ್ತಳೆಯೂ ವಿಷ, ನೀರೂ ಅಳತೆಯ ಲೋಟ.

ಆಮೇಲೆ ಕಾರ್ಡು ಬರಲಿಲ್ಲ.
ಬರದಿರುವುದಕ್ಕೆ ನೂರು ಕಾರಣ.
ತೊಂಬತ್ತೊಂಬತ್ತನ್ನು ನಾನು ಆಗಾಗ ಎಣಿಸುತ್ತೇನೆ.

ಹೋದ ವಾರ ತಪಾಸಣೆ. ರಕ್ತದ ಒತ್ತಡ ತುಸು ಏರಿದೆಯಂತೆ.
ಉಪ್ಪು ಬಿಡಿ ಅಂದರು. ನೋಡೋಣ ಅಂದೆ.
ಮತ್ತೆ ಕೊಡುತ್ತೀರಾ? ಫಾರಂ ನೋಡಿಕೊಂಡು ಕೇಳಿದಳು ಹುಡುಗಿ.
ಮತ್ತೆ ಕೊಟ್ಟರೆ ಸತ್ತೇ ಹೋಗುತ್ತೇನಲ್ಲೇ ಅಂದೆ.
ಇಬ್ಬರೂ ನಕ್ಕೆವು.
ನಗು ಮುಗಿಸಿ ಅವಳು "ಹೌದು" ಅಂತ ಬರೆದುಕೊಂಡಳು.

ಬಸ್ಸಿನಿಂದ ಅಕ್ಕನಿಗೆ ಫೋನು ಮಾಡಿದೆ.
ಬೈದು ಇಟ್ಟಳು.
ಮನೆಗೆ ಬಂದರೆ ಹೊಸ್ತಿಲ ಹೊರಗೆ ಮುಚ್ಚಿಟ್ಟ ಪಾತ್ರೆ,
ಬಟಾಣಿ ಸೂಪು, ಇನ್ನೂ ಬಿಸಿ.
ಹೆಸರಿಲ್ಲ, ಚೀಟಿಯಿಲ್ಲ.
ಬಾಯಿಗಿಟ್ಟೆ:
ಚಿಟಿಕೆ ಉಪ್ಪೂ ಇಲ್ಲ.