ಯಾರ ಮೊಳ

ತೀನ್ ಕಂದೀಲ್ ಹಿಂದಿನ ಗಲ್ಲಿಯಾಗ
ಖಾಜಾಸಾಬರ ಬಂದೂಕದ ಅಂಗಡಿ.
ಮುಂದ ರಿಜಿಸ್ಟರು, ಕಬ್ಬಿಣದ ಜಾಳಿಗಿ, ಎರಡು ಬೀಗ.
ಹಿಂದ ನಾನು, ಮೌನೇಶ ಬಡಿಗೇರ,
ನನ್ನ ಉಳಿ, ಅರ, ಅಗಸಿ ಎಣ್ಣಿ.
ಅಪ್ಪ ಕೂರಿಗಿ ಮಾಡಿದ, ತೊಟ್ಟಿಲ ಮಾಡಿದ.
ನನ್ನ ಪಾಲಿಗೆ ಕುಂದಾ ಬಂತು.
ಸಾಬರ ಮಾತಿನಾಗ ಕುಂದಾ ಅಂದರ
ಬಂದೂಕ ಹೆಗಲಿಗೆ ಆನಿಸೋ ಮರ.
ನಮ್ಮ ಮಾತಿನಾಗ ಕುಂದು ಅಂದರ ಕೊರತಿ.
ಹುಲಿಗೆಮ್ಮ ಬಂದ ದಿನ ಎರಡೂ ಖರೇ ಅನಿಸ್ತು.

ಮಾನ್ವಿ ಬ್ಯಾಂಕಿನ ಗಾರ್ಡ್ ಆಕಿ.
ಖಾಕಿ ತೋಳಿಗೆ ಎರಡು ಮಡಿಕಿ,
ಎತ್ತರ ನಮ್ಮ ಬಾಗಿಲ ಅಗಳಿಗೆ ಬರೋಬ್ಬರಿ.
ಹಳೇ ರೈಫಲ್ಲಿಗೆ ಹೊಸಾ ಕರೀ ಪ್ಲಾಸ್ಟಿಕ್ ಕುಂದಾ,
ದಿಲ್ಲಿಯಿಂದ ಕೊರಿಯರಿನಾಗ ಬಂದದ್ದು,
ಎರಡು ತಿಂಗಳ ಓವರ್‌ಟೈಮು ನುಂಗಿದ್ದು,
ನಡುವ ಹೆಬ್ಬೆರಳಿಗಂತ ಒಂದು ತೂತು.
"ಚಂದ ಅದ ಅಂತ ತಗೊಂಡೆ.
ಹಿಡಿದರ ಬಳಿ ತೊಡಿಸಿದಂಗ ಕೂಡ್ತದ. ಆದರ..."

ಮೊದಲು ಚೇಂಬರ್ ತೆಗೆದು ನೋಡಿದೆ. ಖಾಲಿ.
ಬೆರಳು ಹಾಕಿ ಮತ್ತೊಮ್ಮೆ ನೋಡಿದೆ.
"ಈಗ ಸೇಫ್ಟಿ ಹಾಕು," ಅಂದೆ.
ಹೆಬ್ಬೆರಳು ತೂತಿನಾಗ,
ಗಡಿಗ್ಯಾಗ ಕೈ ಸಿಗಿಸಿಕೊಂಡ ಮಂಗ್ಯಾನಂಗ.
ಸೇಫ್ಟಿ ಇದ್ದದ್ದು ಮ್ಯಾಲ, ಎಡಕ್ಕ.
ಹಿಡಿತ ಬಿಡಬೇಕು, ಬೆರಳು ಎಳಕೋಬೇಕು,
ಮುಟ್ಟಬೇಕು, ತಿರುಗಿ ತೂರಿಸಬೇಕು.
ಅಷ್ಟರಾಗ ಬಂದೂಕದ ಮೂತಿ
ನನ್ನ ಮೊಣಕಾಲು ನೋಡಿ ಹೋತು.

"ಹನ್ನೊಂದು ವರ್ಷ ಆತು, ಡ್ಯೂಟಿಯಾಗ ಕುದುರಿ ಎಳದಿಲ್ಲ.
ಸೇಫ್ಟಿ ಮಾತ್ರ ದಿನಕ್ಕ ನಲವತ್ತು ಸಲ ಮುಟ್ಟತೀನಿ.
ರೊಕ್ಕದ ಪೆಟ್ಟಿಗಿ ಇಳಿಸುವಾಗ,
ಪಿಂಚಣಿ ದಿನ ಮಂದಿ ನೂಕಾಡುವಾಗ,
ಯಾರದೋ ಕೂಸು ಬಂದು
ನನ್ನ ಕಾಲು ಅಪ್ಪಿಕೊಂಡಾಗ."

ನಾನು ಟೇಪು ಕೆಳಗಿಟ್ಟೆ. "ತೋಳು ಮಡಚು."

ಹೂವಿನಾಕಿ ಮೊಳ ಮೊಣಕೈ ತುದಿಯಿಂದ.
ಬಂದೂಕದ ಮೊಳ ಮಡಚಿದ ಒಳಬದಿಯಿಂದ
ತೋರಬೆರಳಿನ ಮೊದಲ ಗೆಣ್ಣಿನ ತನಕ.
ಮಾರಾಕಿ ಮೊಳ ಬ್ಯಾರೆ, ಕೊಳ್ಳಾಕಿ ಮೊಳ ಬ್ಯಾರೆ,
ಸಂತ್ಯಾಗ ಅದಕ್ಕ ದಿನಾ ಜಗಳ.
ಇಲ್ಲಿ ಜಗಳ ಆಡಾಕ ಯಾರೂ ಇದ್ದಿಲ್ಲ.
ಆರಡಿ ಗಂಡಸೊಬ್ಬನ ತೋಳು ಅಳದು
ಎಲ್ಲಾರ ಹೆಗಲಿಗೂ ಅದೇ ಕೊಟ್ಟಿದ್ದರು.

ಗೋಣಿಚೀಲದಾಗ ಆಕಿ ಹಳೇ ಮರದ ಕುಂದಾ ತಂದಿದ್ದಳು,
ಬಿಸಾಡಾಕ ಮನಸಾಗದ.
ಒಂದೂಕಾಲು ಇಂಚು ಹೆಚ್ಚಿತ್ತು. ಗರಗಸ ಹಾಕಿದೆ.
ಕತ್ತು ಸವರಿ ಸಣ್ಣ ಮಾಡಿದೆ,
ಹೆಬ್ಬೆರಳು ಮ್ಯಾಲಿಂದ ದಾಟೋವಷ್ಟು.
ಗಲ್ಲ ಊರೋ ಕಡೆ ಜಾಲಿಯ ತುಂಡು ಕೂಡಿಸಿ
ಅರದಿಂದ ತಿಕ್ಕಿ, "ನೋಡು" ಅಂದೆ,
ಮತ್ತ ತಿಕ್ಕಿ, "ನೋಡು" ಅಂದೆ.
ಮೂರು ಶನಿವಾರ ಬಂದಳು.
ಸೇಫ್ಟಿಯ ಕೆಂಪು ಚುಕ್ಕಿ ಅಳಿಸಿಹೋಗಿತ್ತು;
ವ್ಯಾನಿಟಿ ಬ್ಯಾಗಿಂದ ಉಗುರುಬಣ್ಣ ತೆಗೆದು
ತಾನೇ ಹಚ್ಚಿದಳು, ನಾಲಿಗಿ ಕಚ್ಚಿಕೊಂಡು.

"ಗ್ವಾಡಿ ಕಡೆ ಹಿಡಿ. ಕಣ್ಣು ಮುಚ್ಚಿ ಎತ್ತು. ಈಗ ತೆರಿ."
ಗ್ವಾಡಿಯ ಮೊಳೆ, ಮುಂದಿನ ಗುರಿ, ಹಿಂದಿನ ಗುರಿ, ಆಕಿ ಕಣ್ಣು
ಒಂದ ದಾರದಾಗ ನಿಂತಿದ್ದವು.
ನಾನು ಏನೂ ಹೇಳಿಲ್ಲ.
ಹೆಬ್ಬೆರಳು ತಾನಾಗೇ ಮಗ್ಗಲು ಹೊರಳಿತು,
ನಿದ್ದಿಗಣ್ಣಾಗ ಕೂಸಿನ ಹೊದಿಕಿ ಸರಿ ಮಾಡೋ ಕೈ ಹಂಗ.
ಟಿಕ್.
ಮೂತಿ ಅಲುಗಲಿಲ್ಲ.

ಸಾಬರು ರಿಜಿಸ್ಟರಿನಾಗ ಸಹಿ ಹಾಕಿಸಿಕೊಂಡರು.
ಐದೂ ಹತ್ತರ ಮಾನ್ವಿ ಬಸ್ಸು ಹಿಡೀಬೇಕು ಅಂತ
ಆಕಿ ಚಾ ಅರ್ಧಕ್ಕ ಬಿಟ್ಟು ಹೋದಳು.

ಕತ್ತರಿಸಿದ ಒಂದೂಕಾಲು ಇಂಚು
ನನ್ನ ಮೇಜಿನ ಕುಂಟ ಕಾಲಿನ ಕೆಳಗ ಅದ.
ಪ್ಲಾಸ್ಟಿಕ್ಕಿನದು ಮೊಳೆಗೆ ತೂಗತದ.
ಬಂದವರೆಲ್ಲಾ ಆ ತೂತಿನಾಗ
ಒಮ್ಮೆ ಹೆಬ್ಬೆರಳು ಹಾಕಿ ನೋಡತಾರ,
"ಏನ್ ಚಂದ ಕೂಡತದಲ್ಲ!" ಅಂತಾರ.