ನಡುವಿನ ಉಸುಕು

ಉದ್ಯಮಬಾಗದ ಫೌಂಡ್ರಿಯಲ್ಲಿ ಮಾಳಿಗೆಯ ಮೇಲಿನ ಖೋಲಿ ನನ್ನದು.
ಕಿಡಕಿ ತೆರೆದರೆ ಕೀಲಿಮಣೆಯ ಸಂದಿಗೆಲ್ಲ ಕರಿ ಉಸುಕು,
ಮುಚ್ಚಿದರೆ ಉಸಿರು ಕಟ್ಟುತ್ತದೆ.
ಅರ್ಧ ತೆರೆದಿಟ್ಟಿರುತ್ತೇನೆ.

ಹನ್ನೊಂದು ಯಂತ್ರ. ಹನ್ನೊಂದು ಕಡೆ ಅದೇ ಒಂದು ಸಂರಚನೆಯ ಫೈಲು.
ಹದಿನೇಳು ಸಾಲು.
ಪುಣೆಯ ಗಿರಾಕಿಗೆ ನಕ್ಷೆ ಸಾಗಿಸುವಾಗ
ನೇರ ಹೋಗಬೇಡ, ಮೊದಲು ಪ್ರಾಕ್ಸಿಯ ಬಾಗಿಲು ಬಡಿ,
ಹೆಸರು ಹೇಳು,
ಅದು ನಿನ್ನ ಪರವಾಗಿ ಹೋಗಿ ಬರುತ್ತದೆ ಎಂದು ತಿಳಿಹೇಳುವ ಸಾಲುಗಳು.

ಒಂದರಲ್ಲಿ ತಿದ್ದಿದ್ದನ್ನು ಇನ್ನೊಂದರಲ್ಲಿ ಮರೆತಿರುತ್ತೇನೆ.
ಐದನೆಯದು ಇನ್ನೂ ಹಳೆಯ ವಿಳಾಸ ಹಿಡಿದು ಕೂತಿದೆ,
ತೀರಿಹೋದವನ ಹೆಸರಿಗೆ ಬರುವ ಲಗ್ನಪತ್ರಿಕೆಯ ಹಾಗೆ.

ಇವತ್ತು ಹಟ ಹಿಡಿದದ್ದು ಏಳನೆಯದು.
ಸಂಪರ್ಕ ನಿರಾಕರಿಸಲಾಗಿದೆ.
ಪಂಪಿನ ಹೊಟ್ಟೆಯ ನಕ್ಷೆ, ನಾಲ್ಕರೊಳಗೆ ಮುಟ್ಟಬೇಕು.
ಮ್ಯಾನೇಜರ್ ಚೌಗಲೆ ಜಿನೆ ಹತ್ತಿ ಬಂದು ಏದುಸಿರಿನಲ್ಲೇ
‘ಏನ್ ಬಾಯಾರ, ಪೆನ್ ಡ್ರೈವ್ ಕೊಟ್ಟ ಬಸ್ಸಿಗೆ ಕಳಸೂಣೇನ?’ ಅಂದರು.
ಚಾಷ್ಟಿಯೋ ಆಜ್ಞೆಯೋ ತಿಳಿಯಲಿಲ್ಲ.

ಮತ್ತೆ ಮೊದಲಿನಿಂದ ಓದಿದೆ.
ಈ ಕುರ್ಚಿಯಲ್ಲಿ ನನಗಿಂತ ಮೊದಲು ಕೂತಿದ್ದ ಅಡಿವೆಪ್ಪ ಕೌಜಲಗಿ
ಯಂತ್ರ ಓದದ ಸಾಲುಗಳನ್ನೂ ಬರೆದಿಟ್ಟು ಹೋಗಿದ್ದಾನೆ:

# ಪ್ಯಾಸಿವ್ ಇರಲಿ. ತಗದ್ರ ಅರ್ಧಕ್ಕ ನಿಲ್ಲತೈತಿ.
# ಪಾಸ್‌ವರ್ಡ್ ಇಲ್ಲಿ ಬರೀಬ್ಯಾಡ್ರಿ. ನಾ ಬರದು ಬೈಸಿಕೊಂಡೇನಿ.
# ಇವತ್ತ ಮನಸ್ಸಿಲ್ಲ. ನಾಳೆ ನೋಡತೇನಿ.

ಆ ನಾಳೆ ಬಂತೋ ಇಲ್ಲವೋ ಫೈಲಿಗೆ ಗೊತ್ತಿಲ್ಲ.
ಅವನೀಗ ಖಾನಾಪುರದಲ್ಲಿ ಹಂಚು ಮಾರುತ್ತಾನಂತೆ.

ಊಟದ ಹೊತ್ತಿಗೆ ಕೆಳಗಿಳಿದೆ.
ಧೋಂಡಿಬಾ ಸುತಾರ ಕಟ್ಟಿಗೆಯ ಮಾದರಿಯನ್ನು ಉಸುಕಿನಿಂದ ಬಿಡಿಸುತ್ತಿದ್ದ,
ಮಲಗಿದ ಕೂಸಿನ ಕೆಳಗಿಂದ ಕೌದಿ ಎಳೆದ ಹಾಗೆ.
ಕಟ್ಟಿಗೆ ಕಾದ ಕಬ್ಬಿಣವನ್ನು ಕಂಡಿಲ್ಲ.
ಕಂಡಿದ್ದರೆ ಬೂದಿಯಾಗುತ್ತಿತ್ತು.
ನಡುವೆ ನಿಂತ ಉಸುಕು ಇದರ ಮೈ ನೆನಪಿಟ್ಟು ಅದಕ್ಕೆ ಹೇಳುತ್ತದೆ,
ಹೇಳಿ ಮುಗಿದ ಮೇಲೆ ಸುತ್ತಿಗೆಯಿಂದ ಒಡೆಸಿಕೊಳ್ಳುತ್ತದೆ.
ಮರುದಿನ ಮತ್ತೆ ಜರಡಿ, ಮತ್ತೆ ನೀರು,
ಮತ್ತೊಬ್ಬರ ಮೈ.

‘ಉಸಕನ್ಯಾಗ ಒಂದ್ ಹರಳ ಉಳದ್ರ ಸಾಕ್ರಿ,
ಬೀಡಿನ್ಯಾಗ ತೂತ’ ಅಂದ, ನನ್ನ ಕಡೆ ನೋಡದೆಯೇ.

ರೊಟ್ಟಿ ಅರ್ಧಕ್ಕೆ ಬಿಟ್ಟು ಮೇಲೆ ಓಡಿದೆ ಎಂದರೆ ಸುಳ್ಳಾದೀತು.
ಎರಡೂ ತಿಂದೆ, ಶೇಂಗಾ ಚಟ್ನಿ ಒರೆಸಿ ತಿಂದೆ,
ಆಮೇಲೆ ಹತ್ತಿದೆ.

ಒಂಬತ್ತನೇ ಸಾಲು. ಪೋರ್ಟಿನ ಅಂಕಿ ಮುಗಿದಿತ್ತು,
ಕರ್ಸರ್ ಮಾತ್ರ ಇನ್ನೊಂದು ಹೆಜ್ಜೆ ಆಚೆ ಹೋಗಿ ನಿಂತಿತು.
ಅಲ್ಲಿ ಏನೂ ಇರಲಿಲ್ಲ.
ಆ ಏನೂ ಇಲ್ಲದ್ದನ್ನು ಅಳಿಸಿದೆ.

ಮೂರೂ ನಲವತ್ತಕ್ಕೆ ಪಂಪಿನ ಹೊಟ್ಟೆ ಪುಣೆ ಮುಟ್ಟಿತು.
ಚೌಗಲೆಯವರು ಚಹಾ ಕಳಿಸಿದರು. ಸಕ್ಕರೆ ಜಾಸ್ತಿ.

ಸಂಜೆ ಕೂತು ಹನ್ನೊಂದನ್ನೂ ಒಂದಕ್ಕೇ ಕಟ್ಟಿದೆ,
ಇನ್ನು ಮೇಲೆ ಎಲ್ಲವೂ ಅಲ್ಲಿಂದಲೇ ಓದಿಕೊಳ್ಳಲಿ.
ಕೊನೆಯ ಸಾಲು ವಿನಾಯಿತಿಯದು:
ನಡುವೆ ಯಾರೂ ಇಲ್ಲದೆ ಯಾರ ಹತ್ತಿರ ಹೋಗಬಹುದು ಎಂಬ ಪಟ್ಟಿ.
ಬಹಳ ಸಣ್ಣದು.
ಸ್ಟೋರಿನ ಸರ್ವರು, ಎರಡನೇ ಶೆಡ್ಡಿನ ಪ್ರಿಂಟರು,
ಆಮೇಲೆ ತಾನೇ.
ತನ್ನೊಡನೆ ತಾನು ನೇರ ಮಾತಾಡಲಿಕ್ಕೂ
ಬರೆದುಕೊಟ್ಟ ಪರವಾನಗಿ ಬೇಕಂತೆ ಯಂತ್ರಕ್ಕೆ.
ಬರೆದುಕೊಟ್ಟೆ.

# ಸಾಲಿನ ತುದಿಗೆ ಖಾಲಿ ಜಾಗ ಬಿಡಬ್ಯಾಡ್ರಿ.

‘ಇವತ್ತ ಮನಸ್ಸಿಲ್ಲ’ ಎಂಬುದನ್ನು ಅಳಿಸಲು ಹೋಗಿ ಕೈ ತೆಗೆದೆ.
ಇರಲಿ, ಅದರಿಂದ ಏನೂ ನಿಂತಿಲ್ಲ.
ಉಳಿಸು ಎಂದು ಒತ್ತಿದಾಗ
ಕೀಲಿಯ ಕೆಳಗೆ ಒಂದು ಕಾಳು
ಕರಕ್ ಎಂದಿತು.